ಬಾರದ ಅಳತೆ

ಆನಂದತೀರ್ಥ ಮೂರನೇ ಸಲ ಫೋನು ಮಾಡಿದಾಗ ಬಸವೇಶ್ವರಿ ಸೀಮೆಸುಣ್ಣ ಕೆಳಗಿಟ್ಟು ತರಗತಿಯಿಂದ ಹೊರಗೆ ಬಂದಳು. ಪಾಠದ ನಡುವೆ ಫೋನು ಎತ್ತುವ ರೂಢಿ ಅವಳಿಗಿರಲಿಲ್ಲ. ಚಿಂಚೋಳಿಯ ಡಿಪ್ಲೊಮಾ ಕಾಲೇಜಿನಲ್ಲಿ ಹದಿನೇಳು ವರ್ಷದಿಂದ ಕಂಪ್ಯೂಟರ್ ಕಲಿಸುತ್ತಿದ್ದ ಅವಳು, ವಿದ್ಯಾರ್ಥಿಗಳ ಫೋನುಗಳನ್ನೇ ಮೇಜಿನ ಮೇಲೆ ಸಾಲಾಗಿ ಇಡಿಸಿಕೊಳ್ಳುವವಳು. ಆದರೆ ಅಂದು ನಸುಕಿನಿಂದ ಮಳೆ ಬಿಟ್ಟಿರಲಿಲ್ಲ. ಆನಂದತೀರ್ಥ ಚಂದಾಪುರದ ನೆರೆ ಮುನ್ಸೂಚನೆ ಕಚೇರಿಯ ಇಂಜಿನಿಯರು. ಮಳೆಯ ದಿನ ಅವನು ಮೂರು ಸಲ ಫೋನು ಮಾಡುತ್ತಾನೆಂದರೆ ಸುಮ್ಮನೆ ಇರಲಿಕ್ಕಿಲ್ಲ.

"ಮೇಡಂ, ನಿಮ್ಮ ಪ್ರೋಗ್ರಾಮ್ ನಿಂತುಬಿಟ್ಟದ್ರಿ," ಎಂದನು. "ಮುಂಜಾನಿ ಹೊಸ ಕಂಪ್ಯೂಟರ್ ಕುಂದ್ರಿಸಿ ಹೋದ್ರು. ಆವಾಗಿಂದ ಚಾಲೂನೇ ಆಗವಲ್ದು."

ಅವಳು ಪ್ರಾಂಶುಪಾಲರಿಗೆ ಒಂದು ಮಾತು ಹೇಳಿ, ತನ್ನ ಹಳೆಯ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಸ್ಕೂಟಿ ಹತ್ತಿದಳು. ಆಗ ಒಂದೂವರೆ ಗಂಟೆ.

ಆ ಪ್ರೋಗ್ರಾಮು ಅವಳು ಎಂಟು ವರ್ಷದ ಹಿಂದೆ ಬರೆದದ್ದು. ತೆಲಂಗಾಣದ ಗಡಿಯ ಗುಡ್ಡದಿಂದ ಇಳಿದು ಐನಾಪುರದ ಮಗ್ಗುಲಲ್ಲಿ ಹಾಯ್ದು ಹೋಗುವ ಹಳ್ಳವೊಂದಿದೆ. ಬೇಸಿಗೆಯಲ್ಲಿ ಚಪ್ಪಲಿ ತೋಯದಂತೆ ದಾಟಬಹುದು. ಮಳೆಗಾಲದಲ್ಲಿ ಎಲ್ಲೋ ಕಾಡಿನಲ್ಲಿ ಸುರಿದ ಮಳೆ, ಮೋಡವೇ ಇಲ್ಲದ ಊರಿಗೆ ಗೋಡೆಯ ಹಾಗೆ ಬಂದು ಬೀಳುತ್ತದೆ. ಅದಕ್ಕೆಂದೇ ಹಳ್ಳದುದ್ದಕ್ಕೂ ಮೂರು ಕಡೆ ನೀರಿನ ಎತ್ತರ ಅಳೆಯುವ ಯಂತ್ರ ನಿಲ್ಲಿಸಿದ್ದರು: ಮೇಲೆ ಕಾಡಿನೊಳಗೆ ಒಂದು, ನಡುವೆ ಹಳ್ಳಕ್ಕೆ ಅಡ್ಡ ಕಟ್ಟಿದ ಬಾಂದಾರದ ಹತ್ತಿರ ಒಂದು, ಕೆಳಗೆ ಐನಾಪುರದ ತಗ್ಗು ಸೇತುವೆಗೆ ಒಂದು. ಕಾಲು ಗಂಟೆಗೊಮ್ಮೆ ಮೂರರ ಅಳತೆಯೂ ಚಂದಾಪುರದ ಕಚೇರಿಗೆ ಬರುತ್ತಿತ್ತು. ಒಂದು ಅಳತೆ ತನ್ನ ಅಪಾಯದ ಗೆರೆ ದಾಟಿದರೂ ಪರದೆ ಕೆಂಪಾಗಿ, ಐನಾಪುರದ ಪಂಚಾಯಿತಿ ಮಾಳಿಗೆಯ ಮೇಲಿನ ಸೈರನ್ ತಾನಾಗಿ ಕೂಗುತ್ತಿತ್ತು. ಕಾಡಿನ ಯಂತ್ರ ದಾಟಿದ ನೀರು ಊರಿಗೆ ಬರಲು ಒಂದೂಕಾಲು ಗಂಟೆ ಬೇಕು. ಬಾಂದಾರದಿಂದಾದರೆ ಅರ್ಧ ಗಂಟೆಯ ಮೇಲೆ ಐದು ನಿಮಿಷ, ಅಷ್ಟೇ.

ಮುಂದೆ ಸೇಡಂ, ಚಿತ್ತಾಪುರ, ಶಹಾಬಾದ, ವಾಡಿಯ ಕಚೇರಿಗಳೂ ತಮ್ಮ ತಮ್ಮ ಹಳ್ಳಗಳಿಗೆ ಅದೇ ಪ್ರೋಗ್ರಾಮು ತೆಗೆದುಕೊಂಡವು. ಐದು ಕಡೆಗೂ ಒಂದೇ ಫೈಲು. ಇಲ್ಲಿ ತಿದ್ದಿ ಕಳಿಸಿದ್ದು ಅಲ್ಲೆಲ್ಲ ಹೋಗಿ ಕೂರುತ್ತಿತ್ತು. ಅದು ಅವಳಿಗೆ ಹೆಮ್ಮೆಯ ಸಂಗತಿಯಾಗಿತ್ತು.

ಕಚೇರಿಯಲ್ಲಿ ಆನಂದತೀರ್ಥ ಅಂಗಿಯ ತೋಳು ಮಡಚಿಕೊಂಡು ಹೊಸ ಕಂಪ್ಯೂಟರಿನ ಮುಂದೆ ನಿಂತೇ ಇದ್ದನು. ಹಳೆಯದನ್ನು ಬೆಳಿಗ್ಗೆಯೇ ಟೆಂಪೋದಲ್ಲಿ ಹೇರಿಕೊಂಡು ಹೋಗಿದ್ದರಂತೆ. ಹೊಸದರಲ್ಲಿ ಪ್ರೋಗ್ರಾಮಿನ ಭಾಷೆಯೂ ಹೊಸ ಆವೃತ್ತಿಯದು. ಪೈಥಾನ್ ಭಾಷೆಯ ಹಳೆಯ ಆವೃತ್ತಿಯನ್ನು ಅದನ್ನು ಕಟ್ಟಿದವರೇ ಕೈಬಿಟ್ಟು ವರ್ಷಗಳಾಗಿವೆ, ಸುರಕ್ಷತೆಯ ದೃಷ್ಟಿಯಿಂದ ಅದನ್ನು ಯಾರೂ ಹಾಕಕೂಡದು ಎಂದು ಮೇಲಿನ ಕಚೇರಿಯ ಆದೇಶವಿತ್ತು. ಉಳಿದ ನಾಲ್ಕು ಊರಿಗೆ ಹೊಸ ಕಂಪ್ಯೂಟರು ಬರುವುದು ಮುಂದಿನ ತಿಂಗಳು. ಅಲ್ಲಿಯವರೆಗೆ ಅಲ್ಲಿ ಹಳೆಯದೇ.

ಬಸವೇಶ್ವರಿಗೆ ತೊಡಕು ಅರ್ಥವಾಯಿತು. ಹೊಸ ಭಾಷೆಗೆ ಒಗ್ಗುವ ಹಾಗೆ ತಿದ್ದಿದರೆ ನಾಲ್ಕು ಊರಲ್ಲಿ ನಿಲ್ಲುತ್ತದೆ, ತಿದ್ದದಿದ್ದರೆ ಇಲ್ಲಿ ನಿಂತಿರುತ್ತದೆ. ಒಂದೇ ಬರಹವನ್ನು ಎರಡು ಆವೃತ್ತಿಯೂ ಓದಿ ಒಂದೇ ಅರ್ಥ ಮಾಡಿಕೊಳ್ಳಬೇಕು. ಆನಂದತೀರ್ಥ ತನ್ನ ಮೇಲಿನ ಸಾಹೇಬರ ಮಾತನ್ನು ಮುಂದಿಟ್ಟನು: ಮಧ್ಯಾಹ್ನ ಮೂರರ ಒಳಗೆ ಚಾಲೂ ಆಗದಿದ್ದರೆ ಕಾರಣ ಬರೆದು ಕೊಡಬೇಕು.

ಅವಳು ತನ್ನ ಲ್ಯಾಪ್‌ಟಾಪನ್ನು ಹೊಸ ಕಂಪ್ಯೂಟರಿನ ಮಗ್ಗುಲಿಗೆ ಇಟ್ಟಳು. ಅದರಲ್ಲಿ ಹಳೆಯ ಭಾಷೆ ಇನ್ನೂ ಇತ್ತು. ಎರಡಕ್ಕೂ ಯಂತ್ರಗಳ ಅಳತೆ ಬರುವ ಹಾಗೆ ಜೋಡಿಸಿಕೊಂಡು, ಒಂದೊಂದು ಸಾಲು ತಿದ್ದಿ, ಎರಡರಲ್ಲೂ ಓಡಿಸಿ ನೋಡತೊಡಗಿದಳು. ಮೊದಲು ಸಿಕ್ಕವು ಸಣ್ಣಪುಟ್ಟವು. ಪರದೆಗೆ ಬರೆಯುವ ಆಜ್ಞೆಗೆ ಈಗ ಆವರಣ ಚಿಹ್ನೆ ಬೇಕು, ಹಾಕಿದಳು. ಏಳನ್ನು ಎರಡರಿಂದ ಭಾಗಿಸಿದರೆ ಹಳೆಯದು ಉಳಿದದ್ದನ್ನು ಬಿಸಾಡಿ ಮೂರು ಅನ್ನುತ್ತಿತ್ತು, ಹೊಸದು ಮೂರೂವರೆ ಅನ್ನುತ್ತದೆ. ಎರಡಕ್ಕೂ ಒಂದೇ ಉತ್ತರ ಬರುವ ಇನ್ನೊಂದು ಚಿಹ್ನೆ ಹಾಕಿದಳು. ಹೀಗೆ ಇಪ್ಪತ್ತೊಂದು ಕಡೆ. ಹೊರಗೆ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಆನಂದತೀರ್ಥ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದನು, ನೋಡಿದ್ದು ಅವಳಿಗೆ ಕಾಣಬಾರದೆಂದು ಕಿಟಕಿಯ ಕಡೆಗೆ ತಿರುಗುತ್ತಿದ್ದನು.

ಎರಡು ಮುಕ್ಕಾಲಿಗೆ ಒಂದೇ ತಪ್ಪು ಉಳಿಯಿತು. ಅಳತೆಯು ಗೆರೆಗಿಂತ ಕಡಿಮೆ ಇದೆಯೇ ಎಂದು ನೋಡುವ ಸಾಲು. ಅಲ್ಲಿಗೆ ಬಂದೊಡನೆ ಹೊಸ ಕಂಪ್ಯೂಟರು ನಿಂತುಬಿಡುತ್ತಿತ್ತು: ಒಂದು ಬದಿಗೆ ಅಂಕಿ ಇದೆ, ಇನ್ನೊಂದು ಬದಿಗೆ ಏನೂ ಇಲ್ಲ, ಇವೆರಡನ್ನು ಹೋಲಿಸಲು ನನಗೆ ಬಾರದು ಎಂಬುದು ಅದರ ದೂರು. ಪಕ್ಕದ ಹಳೆಯ ಲ್ಯಾಪ್‌ಟಾಪಿನಲ್ಲಿ ಅದೇ ಸಾಲು ಸರಾಗವಾಗಿ ಓಡಿ ಹಸಿರು ತೋರಿಸುತ್ತಿತ್ತು.

"ಹಳೇದ್ರಾಗ ನಡೀತದಲ್ರಿ," ಎಂದನು ಆನಂದತೀರ್ಥ. "ಮೊದಲಿನಂಗ ಆಗೂಹಂಗ ಮಾಡಿಬಿಡ್ರಿ. ಆಮ್ಯಾಗ ನಿಧಾನಕ್ಕ ನೋಡಾಮು."

ಅದು ಕಷ್ಟದ ಕೆಲಸವಲ್ಲ. ಏನೂ ಬರದಿದ್ದ ಕಡೆ ಸೊನ್ನೆ ಎಂದು ತಿಳಿದುಕೋ ಎಂದು ಎರಡು ಸಾಲು ಬರೆದರೆ ಆಯಿತು. ಬರೆದಳು. ಓಡಿಸಿದಳು. ಎರಡೂ ಪರದೆ ಹಸಿರಾದವು. ಆನಂದತೀರ್ಥ ಉಸಿರು ಬಿಟ್ಟು, ಸಾಹೇಬರಿಗೆ ಫೋನು ಮಾಡಿ ಚಾಲೂ ಆಯಿತೆಂದು ಹೇಳಿ, ಚಹಾ ತರಲು ತಾನೇ ಎದ್ದು ಹೋದನು.

ಒಬ್ಬಳೇ ಉಳಿದ ಬಸವೇಶ್ವರಿ ಆ ಎರಡು ಸಾಲನ್ನು ಮತ್ತೆ ಓದಿದಳು. ಏನೂ ಬರದಿದ್ದರೆ ಸೊನ್ನೆ. ಸೊನ್ನೆ ಗೆರೆಗಿಂತ ಕಡಿಮೆ. ಕಡಿಮೆ ಇದ್ದರೆ ಹಸಿರು.

ಈ ಸಾಲನ್ನು ತಾನು ಇವತ್ತು ಬರೆದದ್ದು ಹೌದು, ಆದರೆ ಅದರ ಅರ್ಥ ಹೊಸದಲ್ಲ. ಹಳೆಯ ಭಾಷೆಗೆ 'ಏನೂ ಇಲ್ಲ' ಎಂಬುದು ಎಲ್ಲ ಅಂಕಿಗಳಿಗಿಂತ ಕಡಿಮೆ. ಕೇಳಿದರೆ ಹೌದು ಕಡಿಮೆಯೇ ಎಂದು ಹೇಳಿ ಮುಂದೆ ಹೋಗುತ್ತಿತ್ತು. ಹೊಸದು ಹಾಗೆ ಹೇಳಲು ಒಪ್ಪುತ್ತಿಲ್ಲ. ಅಂದರೆ ಎಂಟು ವರ್ಷದಿಂದ, ಯಂತ್ರ ಮುರಿದು ಬಿದ್ದಾಗ, ತಂತಿ ಹರಿದಾಗ, ಸಿಡಿಲು ಬಡಿದಾಗ, ಅಳತೆ ಬಾರದ ಆ ಹೊತ್ತನ್ನೆಲ್ಲ ತನ್ನ ಪ್ರೋಗ್ರಾಮು ಹಳ್ಳ ಒಣಗಿದೆ ಎಂದೇ ತಿಳಿದುಕೊಂಡಿತ್ತು.

ಹಾಗಾದರೆ ಇವತ್ತು ಬಾರದೆ ಇರುವ ಅಳತೆ ಯಾವುದು? ದಾಖಲೆ ತೆರೆದಳು. ಐನಾಪುರದ್ದು ಬಂದಿತ್ತು. ಬಾಂದಾರದ್ದು ಬಂದಿತ್ತು. ಕಾಡಿನದು ಎರಡೂವರೆಯಿಂದ ಖಾಲಿ. ಅದಕ್ಕಿಂತ ಮುಂಚಿನ ನಾಲ್ಕು ಅಳತೆಗಳನ್ನು ನೋಡಿದಳು: ನಲವತ್ತು, ಐವತ್ತೆರಡು, ಎಪ್ಪತ್ತೊಂದು, ನೂರ ನಾಲ್ಕು ಸೆಂಟಿಮೀಟರು. ಆಮೇಲೆ ಏನೂ ಇಲ್ಲ.

ಬಾಂದಾರದ ಕಾವಲಿಗೆ ಇರುವವನು ಜಟ್ಟೆಪ್ಪ, ಐವತ್ತೆಂಟರ ಮನುಷ್ಯ. ಅವನಿಗೆ ಫೋನು ಹಚ್ಚಿದಳು. ಸಿಗಲಿಲ್ಲ. ಎರಡನೇ ಸಲವೂ ಸಿಗಲಿಲ್ಲ. ಮೂರನೇ ಸಲ, ಹರಿದು ಹರಿದು ಅವನ ದನಿ ಕೇಳಿಸಿತು.

"ನೀರು ಕೆಂಪಾಗ್ಯಾದ್ರಿ ಅಕ್ಕೋರೆ. ಈಗ ಗೇಣು ಏರ್ಯಾದ. ಟೊಂಗಿ, ಕಡ್ಡಿ ಎಲ್ಲಾ ಬರ್ಲಿಕತ್ಯಾವ. ನಾ ಆಫೀಸಿಗಿ ಹಚ್ಚಾಕತ್ತೀನಿ ಹಚ್ಚಾಕತ್ತೀನಿ, ಹತ್ತವಲ್ದು..."

ಅಷ್ಟಕ್ಕೆ ಕಡಿಯಿತು. ಮೂರು ಗಂಟೆ ಏಳು ನಿಮಿಷ. ಬಾಂದಾರದ ಅಳತೆ ಇನ್ನೂ ಗೆರೆಯ ಕೆಳಗೇ ಇತ್ತು, ಮುಂದಿನ ಅಳತೆ ಬರುವುದು ಮೂರೂಕಾಲಿಗೆ. ಅದು ಗೆರೆ ದಾಟಿಯೇ ಬಂದರೂ ಐನಾಪುರದವರಿಗೆ ಸಿಗುವ ಸಮಯ ತೀರ ಕಡಿಮೆ. ಹಳ್ಳದ ಆಚೆಗೆ ತೊಗರಿ ಹೊಲಗಳಿವೆ. ಮಳೆ ಊರಲ್ಲಿ ಅಷ್ಟಾಗಿ ಇಲ್ಲದಿದ್ದರೆ ಹೆಂಗಸರು ಕಳೆ ತೆಗೆಯಲು ಹೋಗಿರುತ್ತಾರೆ, ಮೂರೂವರೆಯ ಸುಮಾರಿಗೆ ಸೇತುವೆಯ ಮೇಲೆ ಹಾಯ್ದು ಬರುತ್ತಾರೆ.

ಆನಂದತೀರ್ಥ ಚಹಾದ ಕಪ್ಪು ಹಿಡಿದು ಒಳಗೆ ಬಂದಾಗ ಅವಳು ಸೈರನ್ ಕೂಗಿಸಬೇಕು ಎಂದಳು. ಅವನು ಪರದೆ ನೋಡಿದನು, ಅವಳನ್ನು ನೋಡಿದನು. ಅವಳು ಹೇಳಿದಳು: ಈ ಹಸಿರು ಸುಳ್ಳು. ಕಾಡಿನ ಯಂತ್ರ ಕೊಚ್ಚಿಹೋಗಿದೆ, ಅದಕ್ಕೇ ಅದು ಸುಮ್ಮನಿದೆ. ಆನಂದತೀರ್ಥ ಕೆಟ್ಟವನಲ್ಲ, ಆದರೆ ಹತ್ತು ನಿಮಿಷದ ಹಿಂದೆ ತಾನೇ ಸಾಹೇಬರಿಗೆ ಎಲ್ಲ ಸರಿಯಾಯಿತೆಂದು ಹೇಳಿದವನು. ಹೋದ ವರ್ಷ ಸುಳ್ಳೇ ಸೈರನ್ ಕೂಗಿತೆಂದು ಊರವರು ಬಂದು ಕಚೇರಿಯ ಮುಂದೆ ಕೂತದ್ದು ಅವನಿಗೆ ನೆನಪಿತ್ತು. ಬಾಂದಾರದ ಮುಂದಿನ ಅಳತೆ ಬರಲಿ, ಎಂಟೇ ನಿಮಿಷ, ನೋಡಿ ಮಾಡೋಣ ಎಂದು ಬೇಡಿಕೊಂಡನು.

"ಎಂಟು ನಿಮಿಷ ನೀರು ನಿಲ್ತದೇನ್ರಿ?" ಎಂದಳು ಬಸವೇಶ್ವರಿ. ಅಷ್ಟರಲ್ಲಿ ಅವಳ ಬೆರಳು ಇನ್ನೊಂದು ಹೆಸರು ಒತ್ತಿತ್ತು.

ಐನಾಪುರದ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ ಮಾಡುತ್ತಿದ್ದವಳು ತಾಜುನ್ನಿಸಾ. ಮಾಳಿಗೆಯ ಮೇಲಿನ ಸೈರನ್ನಿನ ಕೋಣೆಯ ಕೀಲಿ ಅವಳ ಬಳಿ ಇತ್ತು, ಕೈಯಿಂದ ಒತ್ತುವ ಗುಂಡಿಯೂ ಅಲ್ಲೇ. ಮೂರು ವರ್ಷದ ಹಿಂದೆ ಇದೇ ಹಳ್ಳದಲ್ಲಿ ಅವಳ ಅಣ್ಣನ ಟ್ರ್ಯಾಕ್ಟರಿನ ಟ್ರೇಲರು ಕೊಚ್ಚಿಹೋಗಿತ್ತು, ಅದರಲ್ಲಿದ್ದ ಇಬ್ಬರು ಹೆಂಗಸರು ಬೇವಿನ ಮರ ಹಿಡಿದು ನಾಲ್ಕು ತಾಸು ನೀರಲ್ಲಿ ನಿಂತಿದ್ದರು. ಅಂದು ಸೈರನ್ ಕೂಗಿರಲಿಲ್ಲ. ಅಂದಿನಿಂದ ಕಚೇರಿಯ ಮಾತೆಂದರೆ ತಾಜುನ್ನಿಸಾಗೆ ಅಷ್ಟಕ್ಕಷ್ಟೇ.

ಬಸವೇಶ್ವರಿ ಹೇಳಿದ್ದನ್ನು ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಶಾಂತವಾಗಿ ಕೇಳಿದಳು, "ಇಲ್ಲಿ ಮಳೀನೇ ಇಲ್ಲ ಮೇಡಂ. ಸೈರನ್ ಡಬ್ಬಿ ಮ್ಯಾಲ ಹಸಿರು ಲೈಟ್ ಹತ್ಯಾದ. ನಿಮ್ಮ ಕಂಪ್ಯೂಟರ್ ಒಂದು ಹೇಳ್ತದ, ನೀವೊಂದು ಹೇಳ್ತೀರಿ. ನಾ ಯಾವುದು ನಂಬಬೇಕು?"

"ಕಂಪ್ಯೂಟರಿಗೆ ಕಲಿಸಿದಾಕಿ ನಾನೇ, ಆಪಾ. ತಪ್ಪು ಕಲಿಸೀನಿ. ಈಗ ನನ್ನ ಮಾತು ನಂಬ್ರಿ."

ಆ ಕಡೆ ಬಾಗಿಲು ತೆರೆದ ಸಪ್ಪಳ, ಮೆಟ್ಟಿಲ ಮೇಲೆ ಓಡುವ ಹೆಜ್ಜೆ, ಕೀಲಿಯ ಗೊಂಚಲಿನ ಸದ್ದು. ಕೊನೆಗೆ ಸೈರನ್ ಎಷ್ಟು ಜೋರಾಗಿ ಕೂಗಿತೆಂದರೆ ಬಸವೇಶ್ವರಿ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಮೂರು ಗಂಟೆ ಹದಿಮೂರು ನಿಮಿಷ.

ಮೂರೂಕಾಲಿಗೆ ಬಾಂದಾರದ ಅಳತೆ ಬಂದಿತು. ಗೆರೆಗೆ ಇನ್ನೂ ನಾಲ್ಕು ಬೆರಳು ಕಡಿಮೆ. ಹಸಿರೇ. ಆನಂದತೀರ್ಥ ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡನು. ಅವನ ಫೋನು ಬಡಿದುಕೊಳ್ಳತೊಡಗಿತು. ಸೈರನ್ ಯಾರು ಕೂಗಿಸಿದರು ಎಂದು ಮೇಲಿನಿಂದ ಕೇಳುತ್ತಿದ್ದರು. ಅವನು ಅವಳ ಕಡೆ ನೋಡಿದನು. ಅವಳು ತಾನೇ ಎಂದು ಹೇಳಲು ಕೈ ಚಾಚಿದಳು. ಅವನು ಫೋನು ಕೊಡಲಿಲ್ಲ. ನಾನೇ ಸರ್, ಎಂದು ಹೇಳಿ ಇಟ್ಟುಬಿಟ್ಟನು.

ಆ ಮುಂದಿನ ಕಾಲು ಗಂಟೆ ಬಸವೇಶ್ವರಿಗೆ ಯಾವತ್ತಿಗೂ ಮರೆಯುವಂಥದ್ದಲ್ಲ. ತಾನು ತಪ್ಪಿದ್ದರೆ ಎಂಬ ಭಯ ಒಂದು ಕಡೆ. ತಪ್ಪಿಲ್ಲದಿದ್ದರೆ ಎಂಬ ಭಯ ಅದಕ್ಕಿಂತ ದೊಡ್ಡದು. ಮೂರೂವರೆಗೆ ಬಂದ ಅಳತೆ ಗೆರೆ ದಾಟಿ ಒಂದು ಮೀಟರು ಮೇಲಿತ್ತು. ಪರದೆ ತಾನಾಗಿಯೇ ಕೆಂಪಾಯಿತು.

ತಾಜುನ್ನಿಸಾ ಫೋನು ಮಾಡಿದ್ದು ನಾಲ್ಕಕ್ಕೆ ಐದು ನಿಮಿಷ ಇರುವಾಗ. ಅವಳ ಹಿಂದೆ ನೀರಿನ ಮೊರೆತ ಕೇಳುತ್ತಿತ್ತು. ಸೇತುವೆ ಕಾಣುತ್ತಿಲ್ಲ, ಅದರ ಕಂಬಿಯೂ ಕಾಣುತ್ತಿಲ್ಲ ಎಂದಳು. ಹೊಲದಲ್ಲಿ ಹದಿನಾರು ಮಂದಿ ಇದ್ದರು. ಒಂಬತ್ತು ಮಂದಿ ಸೈರನ್ ಕೇಳಿ ಓಡಿ ಬಂದು ದಾಟಿದರು. ಏಳು ಮಂದಿ ಸೇತುವೆಯ ತನಕ ಬಂದು, ಈಚೆ ದಂಡೆಯಿಂದ ಜನ ಕೈ ಬೀಸಿ ತಡೆದದ್ದರಿಂದ ಆಚೆಗೇ ಉಳಿದು, ದಿಬ್ಬದ ಮೇಲಿನ ಗುಡಿಯಲ್ಲಿ ಕೂತಿದ್ದಾರೆ. ಯಾರಿಗೂ ಏನೂ ಆಗಿಲ್ಲ. ಇಷ್ಟು ಹೇಳಿ ಅವಳು ಫೋನು ಇಟ್ಟಳು.

ಬಸವೇಶ್ವರಿ ಆ ಎರಡು ಸಾಲು ಅಳಿಸಿದಳು. ಅವುಗಳ ಜಾಗದಲ್ಲಿ, ಹೋಲಿಸುವ ಮೊದಲೇ ಅಳತೆ ಬಂದಿದೆಯೇ ಎಂದು ನೋಡು, ಬಂದಿಲ್ಲದಿದ್ದರೆ ಕೆಂಪು, ಎಂದು ಬರೆದಳು. ಹೊಸ ಕಂಪ್ಯೂಟರಿನಲ್ಲಿ ಓಡಿಸಿದಳು, ಹಳೆಯದರಲ್ಲಿ ಓಡಿಸಿದಳು. ಎರಡೂ ಒಂದೇ ಮಾತು ಹೇಳಿದವು. ಇಷ್ಟು ದಿನ ತನ್ನ ಪ್ರೋಗ್ರಾಮು ಸರಿ ಇದ್ದದ್ದರಿಂದ ಓಡುತ್ತಿತ್ತು ಎಂದುಕೊಂಡಿದ್ದಳು. ಓಡಿದ್ದು ಹಳೆಯ ಭಾಷೆ ಬಾಯಿ ಮುಚ್ಚಿಕೊಂಡಿದ್ದರಿಂದ.

ಇದನ್ನು ಉಳಿದ ನಾಲ್ಕು ಊರಿಗೆ ಕಳಿಸಬೇಕಿತ್ತು. ಕಳಿಸುವ ಮೊದಲು ಆನಂದತೀರ್ಥನಿಗೆ ಹೇಳಿದಳು: ಕಳಿಸಿದ ಕೂಡಲೇ ಎಲ್ಲೆಲ್ಲಿ ಯಂತ್ರ ಕೆಟ್ಟಿದೆಯೋ ಅಲ್ಲೆಲ್ಲ ಸೈರನ್ ಕೂಗುತ್ತದೆ, ಎಲ್ಲರೂ ನಮ್ಮನ್ನೇ ಬೈಯುತ್ತಾರೆ. ಅವನು ಸ್ವಲ್ಪ ಯೋಚಿಸಿ, ಮೊದಲು ನಾಲ್ಕೂ ಕಚೇರಿಗೆ ತಾನೇ ಫೋನು ಮಾಡಿ ತಿಳಿಸುತ್ತೇನೆ, ಆಮೇಲೆ ಕಳಿಸಿ ಎಂದನು. ಹಾಗೆಯೇ ಮಾಡಿದರು. ಐದು ಗಂಟೆಗೆ ಸೇಡಂನಲ್ಲಿ ಎರಡು ಯಂತ್ರ ಕೆಂಪಾದವು, ಚಿತ್ತಾಪುರದಲ್ಲಿ ಒಂದು, ಶಹಾಬಾದಿನಲ್ಲಿ ಒಂದು. ವಾಡಿಯಲ್ಲಿ ಎಲ್ಲ ಸರಿ ಇದ್ದವು. ಸೇಡಂನ ಒಂದು ಯಂತ್ರ ಸತ್ತು ಐದು ತಿಂಗಳಾಗಿತ್ತು. ಐದು ತಿಂಗಳೂ ಅದರ ಹೆಸರಿನ ಮುಂದೆ ಹಸಿರೇ ಇತ್ತು.

ಆನಂದತೀರ್ಥ ಕಿವಿಗೆ ಫೋನು ಒತ್ತಿಕೊಂಡು ಬೈಗುಳ ಕೇಳುತ್ತಿದ್ದಾಗ ಬಸವೇಶ್ವರಿ ಇನ್ನೊಂದು ದಾಖಲೆ ತೆರೆದಳು. ತೆರೆಯದಿದ್ದರೂ ಅದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು. ಮೂರು ವರ್ಷದ ಹಿಂದೆ ಟ್ರೇಲರು ಕೊಚ್ಚಿಹೋದ ದಿನ ಕಾಡಿನ ಯಂತ್ರದ ಅಳತೆ ಮಧ್ಯಾಹ್ನ ಒಂದೂಕಾಲರಿಂದ ಖಾಲಿ. ಬಾಂದಾರದ್ದೂ ಎರಡರಿಂದ ಖಾಲಿ, ಸೇತುವೆಯದು ನೀರು ಬಡಿದೊಡನೆ ಖಾಲಿ. ಅಂದಿನ ವಿಚಾರಣೆಯಲ್ಲಿ ತಪ್ಪು ಜಟ್ಟೆಪ್ಪನದೆಂದು ಆಗಿತ್ತು. ನೀರು ಏರುವುದನ್ನು ನೋಡಿ ತಿಳಿಸಲಿಲ್ಲ, ಮಲಗಿದ್ದಿರಬೇಕು ಎಂದು ಬರೆದು, ಕೆಲಸದಲ್ಲಿ ನಿರ್ಲಕ್ಷ್ಯ ಎಂದು ಅವನ ಕೈಗೆ ಕಾಗದ ಕೊಟ್ಟಿದ್ದರು. ಫೋನು ಹತ್ತಲಿಲ್ಲ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವಿಚಾರಣೆಗೆ ಬಸವೇಶ್ವರಿಯೂ ಒಂದು ಹೇಳಿಕೆ ಬರೆದುಕೊಟ್ಟಿದ್ದಳು. ಪ್ರೋಗ್ರಾಮು ಆ ದಿನ ಒಂದು ಕ್ಷಣವೂ ನಿಂತಿಲ್ಲ ಎಂದು. ಅದು ಸತ್ಯವೇ ಆಗಿತ್ತು. ನಿಂತಿದ್ದರೆ ಯಾರಾದರೂ ಎದ್ದು ನೋಡುತ್ತಿದ್ದರು.

ಅವಳು ಅಲ್ಲೇ ಕೂತು ಒಂದು ಪುಟ ಬರೆದಳು. ತಪ್ಪು ಎಲ್ಲಿತ್ತು, ಎಂದಿನಿಂದ ಇತ್ತು, ಅದು ಯಾರದು, ಮೂರು ವರ್ಷದ ಹಿಂದಿನ ದಿನ ಏನಾಯಿತು, ಅದರಲ್ಲಿ ಜಟ್ಟೆಪ್ಪನ ಪಾಲು ಏನೂ ಇಲ್ಲ ಎಂಬುದು. ಕೆಳಗೆ ಸಹಿ ಹಾಕಿದಳು. ಆನಂದತೀರ್ಥ ಓದಿದನು. ಇದು ಮೇಲೆ ಹೋದರೆ ನಿಮಗೇ ನೋಟಿಸು ಬರುತ್ತದೆ ಎಂದು ಎಚ್ಚರಿಸಿದನು. ಅವಳು ಗೊತ್ತು ಎಂದಳು. ಅವನು ಜೇಬಿನಿಂದ ಪೆನ್ನು ತೆಗೆದು, ದಾಖಲೆಗಳನ್ನು ತಾನೂ ನೋಡಿದ್ದೇನೆ ಎಂದು ಒಂದು ಸಾಲು ಬರೆದು ತನ್ನ ಸಹಿಯನ್ನೂ ಹಾಕಿದನು.

ಮೂರನೇ ದಿನ ನೀರು ಇಳಿದ ಮೇಲೆ ಅವಳು ಬಾಂದಾರಕ್ಕೆ ಹೋದಳು. ಜಟ್ಟೆಪ್ಪ ಗೇಟಿಗೆ ಸಿಕ್ಕಿದ್ದ ಟೊಂಗೆಗಳನ್ನು ಕೊಡಲಿಯಿಂದ ಕಡಿದು ದಂಡೆಗೆ ಎಳೆಯುತ್ತಿದ್ದನು. ಅವಳನ್ನು ಕಂಡು ಕೊಡಲಿ ಇಟ್ಟು, ತಲೆಯ ಟವೆಲು ತೆಗೆದು ಕಲ್ಲಿನ ಮೇಲೆ ಹಾಸಿ, ಕುಂದ್ರಿ ಅಕ್ಕೋರೆ ಎಂದನು. ಅವಳು ಕೂರದೆ ನಿಂತೇ ಹೇಳಿದಳು. ಹೇಳುವಾಗ ಭಾಷೆ, ಆವೃತ್ತಿ ಏನೂ ಹೇಳಲಿಲ್ಲ. ಅಂದು ಯಂತ್ರ ಕೆಟ್ಟಿತ್ತು, ಕೆಟ್ಟದ್ದನ್ನು ನನ್ನ ಪ್ರೋಗ್ರಾಮು ಹೇಳಲಿಲ್ಲ, ತಪ್ಪು ನನ್ನದು, ನಿಮ್ಮ ಮೇಲೆ ಬಂತು, ಅಷ್ಟೇ. ಬರೆದು ಕೊಟ್ಟಿದ್ದೇನೆ ಎಂದು ಕಾಗದದ ಪ್ರತಿ ಅವನ ಕೈಗಿಟ್ಟಳು.

ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದನು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಮೂರು ವರ್ಷದಾಗ ಎಲ್ಲಾರೂ ಮಲ್ಕೊಂಡಿದ್ದಿ ಮಲ್ಕೊಂಡಿದ್ದಿ ಅಂದ್ರು ನೋಡ್ರಿ," ಎಂದನು. "ಕಡೀಕಡೀಗಿ ನನಗೂ ಹಂಗೇ ಅನಸ್ಲಿಕತ್ತಿತ್ತು. ಖರೇನ ಕಣ್ಣು ಹತ್ತಿತ್ತೇನೋ ಅಂತ. ಮನಿಯಾಕಿ ಮುಂದ ಆಣಿ ಮಾಡಿ ಹೇಳ್ಲಿಕ್ಕೂ ಧೈರ್ಯ ಬರ್ಲಿಲ್ಲ."

"ನೀವು ಎಚ್ಚರ ಇದ್ರಿ ಕಾಕಾ," ಎಂದಳು ಬಸವೇಶ್ವರಿ.

ನೋಟಿಸು ಬಂದೇ ಬಂತು. ಎರಡು ಸಲ ಕಲಬುರಗಿಗೆ ಹೋಗಿ ಉತ್ತರ ಕೊಟ್ಟಳು. ಕಚೇರಿಯ ಸಲಹೆಗಾರರ ಪಟ್ಟಿಯಿಂದ ಅವಳ ಹೆಸರು ತೆಗೆದರು, ಆದರೆ ಅವಳ ಪ್ರೋಗ್ರಾಮು ತೆಗೆಯಲಿಲ್ಲ. ಜಟ್ಟೆಪ್ಪನ ಮೇಲಿನ ಕಾಗದ ರದ್ದಾಗಲು ದೀಪಾವಳಿ ಕಳೆಯಿತು. ಅದೆಲ್ಲ ಆಮೇಲಿನ ಮಾತು; ಬಾಂದಾರದ ಆ ಮಧ್ಯಾಹ್ನ ಜಟ್ಟೆಪ್ಪ ಕಾಗದ ರದ್ದಾಗುತ್ತದೆಯೇ ಎಂದು ಕೇಳಲಿಲ್ಲ. ತನಗೆ ಕನ್ನಡಕ ಇಲ್ಲ ಎಂದು ಹೇಳಿ ಕಾಗದವನ್ನು ಅವಳ ಕೈಗೇ ವಾಪಸು ಕೊಟ್ಟು, ತನ್ನ ಹೆಸರು ಇರುವ ಸಾಲನ್ನು ಓದಿ ಹೇಳಿ ಎಂದನು. ಅವಳು ಓದಿದಳು. ಅವನು ಇನ್ನೊಮ್ಮೆ ಓದಿ ಎಂದನು.